ನಮ್ಮೂರಲ್ಲಿ ರೋಗಿಗಳಿಲ್ವಾ ಸಿಸ್ಟರ್?

ಆಫ್ರಿಕಾದಿಂದ ವಾಪಸ್ ಬಂದ ಮೂರನೇ ದಿನವೇ ಈ ಪ್ರಶ್ನೆ ಬಂತು. ಕೋಲಾರದ ಪಕ್ಕದ ನಮ್ಮ ಹಳ್ಳಿ, ಬೆಳಿಗ್ಗೆ ಆರೂವರೆ. ಡೈರಿಗೆ ಹಾಲು ಹಾಕಲು ಕ್ಯಾನ್ ಹಿಡಿದು ನಿಂತಿದ್ದೆ. ಎದುರುಮನೆ ಅಕ್ಕ ತಿರುಗಿ ನೋಡಿ, "ಅಲ್ಲಮ್ಮಾ, ಅಷ್ಟು ದೂರ ಹೋಗಿ ಸೇವೆ ಮಾಡಿ ಬಂದ್ಯಂತೆ. ನಮ್ಮೂರಲ್ಲಿ ರೋಗಿಗಳಿಲ್ವಾ?" ಅಂದರು. ಫ್ಯಾಟ್ ನೋಡುತ್ತಿದ್ದ ಡೈರಿ ಹುಡುಗನೂ ಕೆಲಸ ಬಿಟ್ಟು ನನ್ನ ಮುಖ ನೋಡಿದ. "ಇದಾರಲ್ಲಕ್ಕಾ" ಅಂತ ನಕ್ಕು, ಹಾಲು ಹಾಕಿ ಬಂದುಬಿಟ್ಟೆ. ಆಮೇಲೆ ವಾರ್ಡಿನಲ್ಲಿ, ಮದುವೆ ಮನೆಯಲ್ಲಿ, ಮುಳಬಾಗಿಲು ಬಸ್ಸಿನಲ್ಲಿ, ಎಲ್ಲ ಕಡೆ ಇದೇ ಪ್ರಶ್ನೆ. ಒಂದು ಸಲ ಸರಿಯಾಗಿ ಬರೆದಿಡೋಣ ಅನ್ನಿಸಿತು.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡುತ್ತೇನೆ. ನರ್ಸ್ ವಿಮಾನ ಹತ್ತಿದಳು ಅಂದರೆ ಗಲ್ಫೋ ಇಂಗ್ಲೆಂಡೋ, ಕೈ ತುಂಬ ಸಂಬಳ ಅಂತಲೇ ನಮ್ಮ ಕಡೆ ಲೆಕ್ಕ. ನಾನು ಹೋಗಿದ್ದು ಮರ್ಸಿ ಶಿಪ್ಸ್ ಅನ್ನೋ ಸಂಸ್ಥೆಯ ಹಡಗಿಗೆ. 1978ರಲ್ಲಿ ಶುರುವಾದ ಸಂಸ್ಥೆ. ಹಡಗಿನೊಳಗೇ ಆಸ್ಪತ್ರೆ ಇದೆ. ಬಡ ದೇಶದ ಬಂದರಿನಲ್ಲಿ ತಿಂಗಳುಗಟ್ಟಲೆ ನಿಂತು ರೋಗಿಗಳಿಗೆ ಪುಕ್ಕಟೆ ಆಪರೇಷನ್ ಮಾಡುತ್ತಾರೆ. ಅಲ್ಲಿ ದುಡಿಯುವ ಡಾಕ್ಟರು, ನರ್ಸುಗಳು ಸ್ವಯಂಸೇವಕರು. ಸಂಬಳ ಇಲ್ಲ. ಅದಿರಲಿ, ಹೋಗಿಬರುವ ಟಿಕೆಟ್ಟೂ ನಮ್ಮದೇ. ಎರಡು ವರ್ಷದ ಚೀಟಿ ದುಡ್ಡು ಅಲ್ಲಿಗೆ ಹೋಯಿತು. "ಟೊಮೆಟೊ ರೇಟ್ ಬಿದ್ದ ವರ್ಷವೇ ನೋಡಿ ಹೊರಟೆಯಾ?" ಅಂತ ನಮ್ಮೆಜಮಾನರು ಒಂದು ಮಾತು ಅಂದರು, ಅಷ್ಟೇ. ಬಸ್ ಸ್ಟ್ಯಾಂಡಿಗೆ ಬಿಟ್ಟವರೂ ಅವರೇ.

ಈಗ ಪ್ರಶ್ನೆಗೆ ಬರುತ್ತೇನೆ. ನಮ್ಮೂರಲ್ಲಿ ರೋಗಿಗಳಿದ್ದಾರೆ. ಬೋರ್‌ವೆಲ್‌ನ ಫ್ಲೋರೈಡ್ ನೀರು ಕುಡಿದು ಬೆನ್ನು ಬಗ್ಗಿದವರನ್ನು ನೋಡಲು ಆಫ್ರಿಕಾಕ್ಕೆ ಹೋಗಬೇಕಿಲ್ಲ. ಆದರೆ ನಮ್ಮ ರೋಗಿಗೆ ಹೋಗಲು ಒಂದು ಜಾಗ ಇದೆ. ಸೀಳು ತುಟಿಯ ಮಗು ಹುಟ್ಟಿದರೆ ಆಶಾ ಕಾರ್ಯಕರ್ತೆಗೆ ಗೊತ್ತಾಗುತ್ತದೆ. ಕೋಲಾರದ ಪಕ್ಕದ ತಮಕದಲ್ಲಿ ಮೆಡಿಕಲ್ ಕಾಲೇಜಿದೆ. ಬಿಪಿಎಲ್ ಕಾರ್ಡಿದೆ, 108 ಇದೆ, ಎರಡು ಗಂಟೆ ಬಸ್ ಹತ್ತಿದರೆ ಬೆಂಗಳೂರು. ಬೈದುಕೊಂಡಾದರೂ ಹೋಗುತ್ತೇವೆ.

ನಾನು ಹೋದ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ ದೇಶದಲ್ಲಿ 1991ರಿಂದ 2002ರವರೆಗೆ ಅಂತರ್ಯುದ್ಧ. ಸುಧಾರಿಸಿಕೊಳ್ಳುವಷ್ಟರಲ್ಲಿ 2014ರಲ್ಲಿ ಎಬೋಲಾ ಅನ್ನೋ ಸಾಂಕ್ರಾಮಿಕ ರೋಗ ಬಂತು. ಸುಮಾರು 4,000 ಜನ ಸತ್ತರು. ಅವರಲ್ಲಿ ನಮ್ಮಂಥ ನರ್ಸುಗಳೂ, ಮೊದಲೇ ಕಮ್ಮಿ ಇದ್ದ ಡಾಕ್ಟರುಗಳೂ ಇದ್ದರು. ಹಾಗಾಗಿ ನಮ್ಮಲ್ಲಿ ಸಣ್ಣದರಲ್ಲೇ ತೆಗೆದುಹಾಕುವ ಗೆಡ್ಡೆ ಅಲ್ಲಿ ಬೆಳೆಯುತ್ತಲೇ ಇರುತ್ತದೆ. ದವಡೆಯಲ್ಲಿ ತೆಂಗಿನಕಾಯಿ ಗಾತ್ರದ ಗೆಡ್ಡೆ ಹೊತ್ತವರನ್ನು ನೋಡಿದೆ. ಕ್ಯಾನ್ಸರ್ ಅಲ್ಲ. ಆದರೂ ಬೆಳೆದು ಬೆಳೆದು ಕೊನೆಗೆ ಅನ್ನ ನುಂಗಲು, ಉಸಿರಾಡಲು ಬಿಡುವುದಿಲ್ಲ.

ಇಷ್ಟು ಹೇಳಿದರೆ ಸಾಕು, ಕೇಳಿದವರು ತಲೆದೂಗುತ್ತಾರೆ. ಆದರೆ ಇದು ಪೂರ್ತಿ ನಿಜ ಅಲ್ಲ. ಇದೆಲ್ಲ ನನಗೆ ಗೊತ್ತಾಗಿದ್ದು ಅಲ್ಲಿಗೆ ಹೋದ ಮೇಲೆ. ನಾನು ಹೊರಟಿದ್ದು ನನ್ನ ಸಲುವಾಗಿ.

ಹದಿನಾಲ್ಕು ವರ್ಷದಿಂದ ಸರ್ಜಿಕಲ್ ವಾರ್ಡಿನಲ್ಲಿದ್ದೇನೆ. ಯಾವ ಆಸ್ಪತ್ರೆ ಅನ್ನೋದು ಬೇಡ, ಎಲ್ಲ ಕಡೆ ಇದೇ ಕಥೆ. ಬೋಧನಾ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ 3 ರೋಗಿಗೆ ಒಬ್ಬ ನರ್ಸ್ ಇರಬೇಕು ಅನ್ನುತ್ತದೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕ, ಬೇರೆ ಆಸ್ಪತ್ರೆಗಳಲ್ಲಿ 5ಕ್ಕೆ ಒಬ್ಬರು. ನನಗೆ ನೈಟ್ ಡ್ಯೂಟಿಯಲ್ಲಿ ಮೂವತ್ತು ಜನ ಇದ್ದದ್ದೂ ಉಂಟು. ಮೂವತ್ತು ಜನ ಇದ್ದಾಗ ಡ್ರೆಸ್ಸಿಂಗ್ ಹೇಗೆ ಮಾಡುತ್ತೇವೆ ಗೊತ್ತಾ? ಗಾಯಕ್ಕೆ ಅಂಟಿ ಒಣಗಿದ ಗಾಜ್ ಬಟ್ಟೆಯ ತುದಿ ಹಿಡಿದು ಎಳೆಯುತ್ತೇವೆ. ರೋಗಿ "ಅಮ್ಮಾ" ಅನ್ನುತ್ತಾರೆ. "ಆಯ್ತು ಆಯ್ತು, ಮುಗೀತು" ಅನ್ನುತ್ತೇವೆ. ಮುಂದಿನ ಬೆಡ್. ನರ್ಸಿಂಗ್ ಸ್ಕೂಲಿನಲ್ಲಿ ಕಲಿತಿದ್ದು ಹೀಗಲ್ಲ. ಒಂದು ದಿನ ಒಬ್ಬ ಅಜ್ಜಿ ನಾನು ಟ್ರಾಲಿ ತಳ್ಳಿಕೊಂಡು ಬರುವ ಶಬ್ದ ಕೇಳಿಯೇ ಕಣ್ಣು ಮುಚ್ಚಿಕೊಂಡರು. ಅವತ್ತು ಮನೆಗೆ ಬಂದು ಊಟ ಸೇರಲಿಲ್ಲ.

ಸಿಯೆರಾ ಲಿಯೋನ್‌ನ ರಾಜಧಾನಿ ಫ್ರೀಟೌನ್ ಬಂದರಿನಲ್ಲಿ ನಿಂತ ಆ ಹಡಗಿನ ಹೆಸರು ಗ್ಲೋಬಲ್ ಮರ್ಸಿ. 174 ಮೀಟರ್ ಉದ್ದ, ಆರು ಆಪರೇಷನ್ ಥಿಯೇಟರ್. ವಾರ್ಡಿನಲ್ಲಿ ನನ್ನ ಪಾಲಿಗೆ ಬಂದವರು ಐದು ಜನ. ಮೊದಲ ದಿನ ಕೈಗೆ ಕೆಲಸವೇ ಇಲ್ಲವೇನೋ ಅನ್ನಿಸಿ, ಸುಮ್ನೆ ಬೆಡ್‌ಶೀಟ್ ಸರಿ ಮಾಡುತ್ತಾ ಓಡಾಡಿದೆ.

ಆ ಐವರಲ್ಲಿ ಒಬ್ಬಳು ಎಂಟು ವರ್ಷದ ಹುಡುಗಿ. ಎರಡು ವರ್ಷದವಳಿದ್ದಾಗ ಮೂರು ಕಲ್ಲಿನ ಒಲೆಗೆ ಬಿದ್ದಿದ್ದಳಂತೆ. ನಮ್ಮ ಕಡೆಯೂ ಮುದ್ದೆ ಎಸರು ಮೈಮೇಲೆ ಬಿದ್ದ ಮಕ್ಕಳು ಬರುತ್ತವೆ, ಹೊಸದೇನಲ್ಲ. ಸುಟ್ಟ ಚರ್ಮ ಮಾಯುವಾಗ ಎಳೆದುಕೊಂಡು, ಮೊಣಕೈ ಮಡಚಿ ಹಾಗೇ ಕಚ್ಚಿಕೊಂಡುಬಿಟ್ಟಿತ್ತು. ಆಪರೇಷನ್ ಮಾಡಿ ಕೈ ಬಿಡಿಸಿ, ತೊಡೆಯ ಚರ್ಮ ತೆಗೆದು ಅಲ್ಲಿಗೆ ಕೂರಿಸಿದ್ದರು. ಇಂಥ ಕೇಸಿನಲ್ಲಿ ಸರ್ಜನ್ ಕೆಲಸ ಕೆಲವು ಗಂಟೆ, ನರ್ಸ್ ಕೆಲಸ ವಾರಗಟ್ಟಲೆ. ಡ್ರೆಸ್ಸಿಂಗ್ ಜೋರಾಗಿ ಎಳೆದರೆ ಕೂರಿಸಿದ ಚರ್ಮವೇ ಕಿತ್ತು ಬರುತ್ತದೆ.

ನೋವಿನ ಔಷಧಿ ಕೊಟ್ಟು ಅರ್ಧ ಗಂಟೆ ಬಿಟ್ಟು ಕೂತೆ. ಸಿರಿಂಜ್‌ನಲ್ಲಿ ಸಲೈನ್ ತೆಗೆದು ಗಾಜ್ ಮೇಲೆ ಹನಿ ಹನಿಯಾಗಿ ಬಿಟ್ಟೆ. ನೆನೆಯಲಿ ಅಂತ ಕಾದೆ. ಒಂದು ಬೆರಳಗಲ ಎತ್ತಿದೆ. ಮತ್ತೆ ಸಲೈನ್. ಭಾಷಾಂತರಕ್ಕೆ ಪಕ್ಕದಲ್ಲಿ ಕೂತಿದ್ದ ಅದೇ ಊರಿನ ಹೆಂಗಸು "ಸ್ಮಾಲ್ ಸ್ಮಾಲ್" ಅನ್ನುತ್ತಿದ್ದರು. ಅವರ ಕ್ರಿಯೋ ಭಾಷೆಯಲ್ಲಿ ಹಾಗಂದರೆ ಸ್ವಲ್ಪ ಸ್ವಲ್ಪವಾಗಿ ಅಂತ. ಹುಡುಗಿ ತನ್ನ ಕೈ ನೋಡುತ್ತಿರಲಿಲ್ಲ, ನನ್ನ ಮೂಗುಬೊಟ್ಟು ನೋಡುತ್ತಿದ್ದಳು. ಏನೋ ಕೇಳಿದಳು. "ಅದು ಚುಚ್ಚಿದಾಗ ನೋವಾಯ್ತಾ ಅಂತ ಕೇಳ್ತಾಳೆ" ಅಂದರು ಆ ಹೆಂಗಸು. ತುಂಬಾ ಅತ್ತಿದ್ದೆ ಅಂದೆ. ಅದು ಆ ಕಡೆ ಹೋಗುವಷ್ಟರಲ್ಲಿ ಏನು ಸೇರಿಸಿದರೋ, ಹುಡುಗಿ ಪಕ್ಕನೆ ನಕ್ಕಳು. ಆಗ ಕೊನೆಯ ತುಂಡು ಬಿಟ್ಟುಕೊಂಡಿತು. ಗಡಿಯಾರ ನೋಡಿದರೆ ನಲವತ್ತು ನಿಮಿಷ. ಯಾರೂ ನನ್ನನ್ನು ಕರೆದಿರಲಿಲ್ಲ.

ಇದಕ್ಕೇ ನಾನು ಕೈಯಿಂದ ದುಡ್ಡು ಹಾಕಿ ಹೋಗಿದ್ದು. ಸೇವೆ ಅಂತ ಯಾರಾದರೂ ಅಂದಾಗ ಮುಜುಗರ ಆಗುವುದೂ ಇದಕ್ಕೇ.

ಅಲ್ಲಿನ ಊಟ ಹೇಗೆ ಅಂತಲೂ ಕೇಳುತ್ತಾರೆ. ಮರಗೆಣಸಿನ ಎಲೆ ಕುಟ್ಟಿ ಮಾಡುವ ಗೊಜ್ಜು, ಅನ್ನ. ಅವತ್ತು ಅನ್ನ ತಿಂದಿಲ್ಲ ಅಂದರೆ, ಬೇರೆ ಏನೇ ತಿಂದಿರಲಿ, ಊಟವೇ ಮಾಡಿಲ್ಲ ಅನ್ನುತ್ತಾರೆ. ಮುದ್ದೆ ಇಲ್ಲದ ದಿನ ನಮ್ಮಪ್ಪ ಹೇಳುತ್ತಿದ್ದದ್ದೂ ಇದೇ.

ಒಂದು ಮಾತು ಇಲ್ಲೇ ಹೇಳಬೇಕು. ಎರಡು ವಾರಕ್ಕೆ ಹೋಗಿ, ಮಕ್ಕಳನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡು ಬರುವವರು ನನಗೆ ಹಿಡಿಸುವುದಿಲ್ಲ. ಹಡಗು ಒಂದಲ್ಲ ಒಂದು ದಿನ ಹೊರಡುತ್ತದೆ, ಉಳಿಯುವವರು ಅಲ್ಲಿನ ನರ್ಸುಗಳೇ. ಅವರಿಗೆ ತರಬೇತಿ ಕೊಡುವ ಕೆಲಸವೂ ನಡೆಯುತ್ತದೆ, ಇನ್ನೂ ಜಾಸ್ತಿ ಆಗಬೇಕು. ಕೋಲಾರದವರಿಗೆ ಇದು ಬೇಗ ಅರ್ಥವಾಗಬೇಕು, ಅಲ್ವಾ? ನಮ್ಮ ಇ.ಟಿ.ಸಿ.ಎಂ. ಮಿಷನ್ ಆಸ್ಪತ್ರೆಯನ್ನು ನೂರು ವರ್ಷಕ್ಕೂ ಹಿಂದೆ ಕಟ್ಟಿದವರು ಅಮೆರಿಕದ ಮೆಥಡಿಸ್ಟ್ ಮಿಷನರಿಗಳು. ಅಂಥ ಹೊರಗಿನವರನ್ನೂ ಯಾರಾದರೂ ನಿಮ್ಮೂರಲ್ಲಿ ರೋಗಿಗಳಿಲ್ವಾ ಅಂತ ಕೇಳಿರಬೇಕು.

ಹೋಗಬೇಕು ಅನ್ನುವ ನರ್ಸುಗಳಿಗೆ ಬೇಗ ಹೇಳಿಬಿಡುತ್ತೇನೆ. ಕೌನ್ಸಿಲ್ ರಿಜಿಸ್ಟ್ರೇಷನ್ ಚಾಲ್ತಿಯಲ್ಲಿರಲಿ, ವಾರ್ಡಿನ ಅನುಭವ ಇರಲಿ. ಹಳದಿ ಜ್ವರದ ಲಸಿಕೆಯನ್ನು ಹತ್ತು ದಿನ ಮುಂಚೆಯೇ ಹಾಕಿಸಿಕೊಳ್ಳಿ, ಕಾರ್ಡು ಜೋಪಾನ. ಅದಿಲ್ಲದೆ ವಾಪಸ್ ಬಂದರೆ ಇಲ್ಲಿ ಆರು ದಿನದವರೆಗೂ ಕ್ವಾರಂಟೈನ್‌ನಲ್ಲಿ ಕೂರಿಸಬಹುದು.

ಎದುರುಮನೆ ಅಕ್ಕನ ಅತ್ತೆಗೆ ಶುಗರ್, ಕಾಲಿನಲ್ಲಿ ಹುಣ್ಣು. ಡ್ಯೂಟಿ ಇಲ್ಲದ ದಿನ ಡ್ರೆಸ್ಸಿಂಗ್‌ಗೆ ನನ್ನನ್ನೇ ಕರೆಯುತ್ತಾರೆ. ಮೊನ್ನೆ ಸಲೈನ್ ಬಿಟ್ಟು ಕಾಯುತ್ತಾ ಕೂತಿದ್ದೆ. ಅಕ್ಕ ಎರಡು ಸಲ ಒಳಗೆ ಹೋಗಿ ಬಂದು, "ಇನ್ನೂ ಆಗ್ಲಿಲ್ವಾ? ಆಸ್ಪತ್ರೇಲಿ ಎರಡೇ ನಿಮಿಷಕ್ಕೆ ಮುಗಿಸ್ತಾರಪ್ಪ" ಅಂದರು. ಅತ್ತೆ ಕಣ್ಣು ತೆರೆಯದೆಯೇ, "ನೀನು ಹೋಗಿ ಒಲೆ ನೋಡು" ಅಂದರು.