ಡೈಲಾಗ್ ಯಾರದ್ದು?

ಬೌಂಡ್ ಸ್ಕ್ರಿಪ್ಟ್ ಕೊಟ್ಟ ಮೇಲೆ ರೈಟರ್ ಸೆಟ್ಟಿನ ಕಡೆ ತಲೆ ಹಾಕಬಾರದು ಅಂತ ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಹೇಳುತ್ತಲೇ ಇರುತ್ತಾರೆ. ನಾನು ಹಾಕಿದೆ.

ದರ್ಶಿನಿಯೊಂದರಲ್ಲಿ ಬ್ರೇಕಪ್ ಸೀನ್. ಊಟದ ಗಿರಾಕಿಗಳು ಬರುವಷ್ಟರಲ್ಲಿ ಜಾಗ ಬಿಟ್ಟುಕೊಡಬೇಕು. ಮಾಲೀಕರು ಗಲ್ಲಾ ಪಕ್ಕ ನಿಂತು ಗಡಿಯಾರ ನೋಡುತ್ತಿದ್ದಾರೆ. ಹೀರೋಗೆ ನಾನು ಅರ್ಧ ಪುಟದ ಮಾತು ಬರೆದಿದ್ದೆ. ಪ್ರಾಂಪ್ಟಿಂಗ್ ಕೊಟ್ಟರೂ ಒಂದೇ ಜಾಗದಲ್ಲಿ ಎಡವುತ್ತಿದ್ದ. ಟೇಕ್ ಮೇಲೆ ಟೇಕ್. ಕೊನೆಗೊಮ್ಮೆ ಅವನು ತಡವರಿಸಿದ ಗ್ಯಾಪ್‌ನಲ್ಲಿ, ಹಿಂದೆ ತಟ್ಟೆ ಹಿಡಿದು ನಿಂತಿದ್ದ ಜೂನಿಯರ್ ಆರ್ಟಿಸ್ಟ್ ಅಮ್ಮ ಅಂದೇಬಿಟ್ಟರು: "ಬಿಟ್ಟು ಹೋಗೋದಾದ್ರೆ ಬೇಗ ಹೋಗ್ರಪ್ಪಾ, ಟೇಬಲ್ ಬೇಕು."

ಲೈಟ್ ಬಾಯ್‌ಗಳೂ ನಕ್ಕರು. ಡೈರೆಕ್ಟರ್ "ಇಟ್ಕೊಳ್ಳೋಣ" ಅಂದರು. ನನಗೆ ಮೈ ಉರಿದುಹೋಯಿತು. ಮಾನಿಟರ್‌ಗೆ ಅಡ್ಡ ನಿಂತು ಭಾಷಣ ಶುರು ಮಾಡಿದೆ: "ಹಾಲಿವುಡ್ ರೈಟರ್ ನೋರಾ ಎಫ್ರಾನ್ ಬರೆದದ್ದನ್ನ ಯಾರಾದ್ರೂ ಹೀಗೆ ಮುಟ್ತಿದ್ರಾ ಸರ್? 'ವೆನ್ ಹ್ಯಾರಿ ಮೆಟ್ ಸ್ಯಾಲಿ' ಹೋಟೆಲ್ ಸೀನ್ ತಗೊಳ್ಳಿ. ಸ್ಯಾಲಿ ಎಲ್ಲರೆದುರೇ ಸುಖಪಟ್ಟ ಹಾಗೆ ನಾಟಕ ಮಾಡಿ ತೋರಿಸ್ತಾಳೆ, ಪಕ್ಕದ ಟೇಬಲ್ ಹೆಂಗಸು 'ಅವಳು ತಗೊಂಡಿರೋದೇ ನನಗೂ ಕೊಡಿ' ಅಂತಾಳೆ. ಆ ಕೊನೇ ಲೈನ್! ರೈಟರ್ ಅಂದ್ರೆ ಅದು."

ಯಾರೂ ಮಾತಾಡಲಿಲ್ಲ. ಗೆದ್ದೆ ಅಂದುಕೊಂಡೆ. ಆಗ ಕ್ಲ್ಯಾಪ್ ಹೊಡೆಯುವ ಹುಡುಗಿ, ಬೋರ್ಡ್ ಒರೆಸುತ್ತಲೇ, "ಸರ್, ಆ ಲೈನ್ ಹೀರೋ ಬಿಲ್ಲಿ ಕ್ರಿಸ್ಟಲ್ ಕೊಟ್ಟಿದ್ದು. ಹೋಟೆಲಲ್ಲೇ ನಟಿಸಿ ತೋರಿಸೋ ಐಡಿಯಾ ಹೀರೋಯಿನ್ ಮೆಗ್ ರಯಾನ್‌ದು. ಲೈನ್ ಹೇಳಿದ್ದು ಡೈರೆಕ್ಟರ್ ರಾಬ್ ರೈನರ್ ಅವರ ಅಮ್ಮ. ಎಫ್ರಾನೇ ಬರ್ಕೊಂಡಿದ್ದಾರೆ" ಅಂದಳು.

ಅಸೋಸಿಯೇಟ್ ಕೆಮ್ಮಿದ. ಅದು ಕೆಮ್ಮಲ್ಲ ಅಂತ ನನಗೂ ಗೊತ್ತು.

ಆ ರಾತ್ರಿ ಹುಡುಕಿ ಓದಿದೆ. ಎಫ್ರಾನ್ ಏನೂ ಉದಾರಿಯಲ್ಲ. ತನ್ನ ಬದುಕಿನ ಒಂದು ಚೂರನ್ನೂ ಪೋಲು ಮಾಡಿದವಳಲ್ಲ. ಅಮೆರಿಕದ ವಾಟರ್‌ಗೇಟ್ ಹಗರಣ ಬಯಲು ಮಾಡಿದ ಪತ್ರಕರ್ತರಲ್ಲೊಬ್ಬನಾದ ಕಾರ್ಲ್ ಬರ್ನ್‌ಸ್ಟೀನ್ ಅವಳ ಎರಡನೇ ಗಂಡ. ತಾನು ಬಸುರಿಯಿದ್ದಾಗ ಅವನು ಮಾಡಿದ ಮೋಸವನ್ನು 1983ರಲ್ಲಿ 'ಹಾರ್ಟ್‌ಬರ್ನ್' ಕಾದಂಬರಿ ಮಾಡಿದಳು, ಮಧ್ಯೆ ಮಧ್ಯೆ ಅಡುಗೆ ರೆಸಿಪಿ ಬೇರೆ. ಅಂಥವಳು 1989ರ ಈ ಸಿನಿಮಾಕ್ಕೆ ಮಾತ್ರ ಕಿವಿ ತೆರೆದು ಕೂತಳು. ಡಿವೋರ್ಸ್ ಆಗಿ ಕುಗ್ಗಿಹೋಗಿದ್ದ ರೈನರ್‌ನನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿ ಕೇಳಿ ಹ್ಯಾರಿಯನ್ನು ಕಟ್ಟಿದಳು. ಸ್ಯಾಲಿ ತಿಂಡಿ ಆರ್ಡರ್ ಮಾಡುವಾಗ ಮಾಡುವ ನೂರೆಂಟು ತಕರಾರು ಎಫ್ರಾನ್‌ಳದೇ. ಕಡೆಗೆ ಚಿತ್ರಕಥೆಗೆ ಆಸ್ಕರ್ ನಾಮಿನೇಷನ್ ಬಂದದ್ದು ಅವಳೊಬ್ಬಳ ಹೆಸರಿಗೆ. ಯಾವ ಲೈನ್ ಯಾರದ್ದು ಅಂತ ಹೇಳಿದ್ದರಿಂದ ಅವಳ ಗಂಟೇನೂ ಹೋಗಲಿಲ್ಲ.

ನಮ್ಮ ಸಿನಿಮಾದಲ್ಲಿ ಆ ಅಮ್ಮನ ಮಾತು ಉಳಿಯಿತು. ನನ್ನ ಅರ್ಧ ಪುಟ ಎಡಿಟ್‌ನಲ್ಲಿ ಹೋಯಿತು. ಹೀರೋ ಫೋನ್ ಮಾಡಿ ಎಡಿಟರ್‌ಗೆ ಥ್ಯಾಂಕ್ಸ್ ಹೇಳಿದನಂತೆ. ಮಾತಾಡಿದ್ದಕ್ಕೆ ಅಮ್ಮನಿಗೆ ಬಾಟಾ (ದಿನದ ಭತ್ಯೆ) ಜಾಸ್ತಿ ಕೊಡಿ ಅಂತ ಮ್ಯಾನೇಜರ್ ಹತ್ತಿರ ಹೋದೆ. "ಸ್ಕ್ರಿಪ್ಟಲ್ಲಿ ಆ ಪಾತ್ರಕ್ಕೆ ಡೈಲಾಗೇ ಇಲ್ವಲ್ಲ ಸಾರ್" ಅಂದರು.