‘ವಾಕ್ಯ ಎಲ್ಲಿ?’ – ಕ್ಯಾಲ್ಕುಲಸ್ ಕ್ಲಾಸಿನ ನೆನಪು

2014–15ರಲ್ಲಿ ಎರಡನೇ ಪಿಯುಸಿ ಓದಿದ ನಮ್ಮ ಬ್ಯಾಚಿನ ಯಾರನ್ನಾದರೂ ಕೇಳಿ, ಗಣಿತದ ಮೇಡಂ ಕೆಂಪು ಪೆನ್ನಿನಲ್ಲಿ ಬರೆಯುತ್ತಿದ್ದ ಎರಡು ಪದ ಹೇಳುತ್ತಾರೆ. ‘ವಾಕ್ಯ ಎಲ್ಲಿ?’

ಮೇಡಂ ಇಟ್ಟಿದ್ದ ನಿಯಮ ಇಷ್ಟೇ. ಲೆಕ್ಕ ಮುಗಿದ ಮೇಲೆ, ಆ ಉತ್ತರ ಏನು ಹೇಳುತ್ತಿದೆ ಎಂದು ಕೆಳಗೆ ಒಂದು ವಾಕ್ಯ ಬರೆಯಬೇಕು. ಕನ್ನಡವಾದರೂ ಸರಿ, ಇಂಗ್ಲಿಷ್ ಆದರೂ ಸರಿ. ವಾಕ್ಯ ಇಲ್ಲದಿದ್ದರೆ ಉತ್ತರ ಸರಿಯಿದ್ದರೂ ಹೋಮ್‌ವರ್ಕ್ ವಾಪಸ್ ಬರುತ್ತಿತ್ತು. ಲಾಂಗ್‌ಬುಕ್‌ನ ಬಲಗಡೆ ಲೆಕ್ಕ, ಎಡಗಡೆ ಚಿತ್ರ ಅಥವಾ ಗ್ರಾಫ್. ಪ್ರತಿ ಸೋಮವಾರ ಪುಸ್ತಕಗಳು ಅವರ ಟೇಬಲ್ ಮೇಲಿರಬೇಕು.

ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥವರಿಗೆ ಈ ನಿಯಮ ದೊಡ್ಡ ಆಸರೆಯಾಯಿತು. ಕ್ಯಾಲ್ಕುಲಸ್ ಅಂದರೆ ಬದಲಾವಣೆಯ ವೇಗವನ್ನು ಅಳೆಯುವ ಗಣಿತ, ಹತ್ತನೇ ಕ್ಲಾಸಿನಲ್ಲಿ ಅದು ಇರುವುದಿಲ್ಲ. ಮೊದಲ ಪಿಯುಸಿಯಲ್ಲಿ ಲಿಮಿಟ್ಸ್, ಡೆರಿವೇಟಿವ್ಸ್ ಅಂತ ಒಂದೇ ಅಧ್ಯಾಯ. ಎರಡನೇ ವರ್ಷಕ್ಕೆ ಬಂದರೆ 13 ಅಧ್ಯಾಯಗಳಲ್ಲಿ 5 ಇದೇ ವಿಷಯ, ಅದೂ ಇಂಗ್ಲಿಷಿನಲ್ಲಿ. ಸೂತ್ರಗಳನ್ನು ಬಾಯಿಪಾಠ ಮಾಡಬಹುದಿತ್ತು. ಆದರೆ ಆ ಕೊನೆಯ ವಾಕ್ಯವನ್ನು ಬಾಯಿಪಾಠ ಮಾಡಲು ಆಗುತ್ತಿರಲಿಲ್ಲ. ಅದನ್ನು ಬರೆಯಬೇಕೆಂದರೆ ಲೆಕ್ಕ ಅರ್ಥವಾಗಲೇಬೇಕಿತ್ತು.

ಗೋಡೆಗೆ ಒರಗಿಸಿದ ಏಣಿಯ ಲೆಕ್ಕ ಎಲ್ಲರಿಗೂ ಗೊತ್ತು. ಏಣಿ 5 ಮೀಟರ್ ಉದ್ದ. ಅದರ ಬುಡವನ್ನು ಸೆಕೆಂಡಿಗೆ 2 ಸೆಂ.ಮೀ. ವೇಗದಲ್ಲಿ ಗೋಡೆಯಿಂದ ಆಚೆ ಎಳೆಯುತ್ತಿದ್ದಾರೆ. ಬುಡ 4 ಮೀಟರ್ ದೂರದಲ್ಲಿದ್ದಾಗ ತುದಿ ಎಷ್ಟು ವೇಗವಾಗಿ ಇಳಿಯುತ್ತದೆ? ಉತ್ತರ ಸೆಕೆಂಡಿಗೆ ಮೈನಸ್ 8/3 ಸೆಂ.ಮೀ. ಬೋರ್ಡ್ ಪರೀಕ್ಷೆಗೆ ಅಷ್ಟು ಸಾಕು. ಮೇಡಂ ಅಲ್ಲಿಗೆ ಬಿಡುತ್ತಿರಲಿಲ್ಲ. “ಆ ಮೈನಸ್ ಏನ್ ಹೇಳ್ತಿದೆ, ಹೇಳ್ರಪ್ಪಾ?” ಎತ್ತರ ಕಡಿಮೆಯಾಗುತ್ತಿದೆ ಎನ್ನುತ್ತಿದ್ದೆವು. “ಸರಿ, ಈಗ ಬುಡ 4.8 ಮೀಟರ್ ದೂರಕ್ಕೆ ಹೋಗಲಿ.” ಎತ್ತರ 1.4 ಮೀಟರ್ ಉಳಿಯುತ್ತದೆ. ಇಳಿಯುವ ವೇಗ ಸೆಕೆಂಡಿಗೆ 2.67 ಸೆಂ.ಮೀ. ಇದ್ದದ್ದು ಸುಮಾರು 6.86 ಆಗುತ್ತದೆ. ಬುಡದ ವೇಗ ಒಂದಿಷ್ಟೂ ಬದಲಾಗಿಲ್ಲ, ತುದಿ ಮಾತ್ರ ಜೋರಾಗುತ್ತಾ ಹೋಗುತ್ತದೆ. ಏಣಿ ಜಾರುವಾಗ ಕೊನೆಗೆ ಧಡಾರನೆ ಬೀಳುತ್ತದೆ ಅಲ್ವಾ, ಅದರ ಸುಳಿವು ಆ ಭಿನ್ನರಾಶಿಯಲ್ಲೇ ಇತ್ತು. ಅದನ್ನು ಕಂಡ ದಿನದಿಂದ ನನಗೆ ಈ ವಿಷಯದ ಭಯ ಹೋಯಿತು.

ಆದರೆ ನಮ್ಮ ಬ್ಯಾಚ್ ಇವತ್ತಿಗೂ ಮಾತಾಡುವುದು ಸಂಪಿನ ಅಸೈನ್‌ಮೆಂಟ್ ಬಗ್ಗೆ. ಕಾವೇರಿ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಹಂತದಲ್ಲಿ ಪಂಪಾಗಿ, ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಮೇಲೇರಿ ಬೆಂಗಳೂರಿಗೆ ಬರುತ್ತದೆ. ಇದನ್ನು ಹೇಳಿ ಮೇಡಂ ಕೊಟ್ಟ ಕೆಲಸ ಹೀಗಿತ್ತು. ನೀರು ಬಿಡುವ ದಿನ ಒಂದು ಉದ್ದ ಕೋಲಿಗೆ ಗುರುತು ಹಾಕಿಕೊಳ್ಳಿ. ಹತ್ತು ಹತ್ತು ನಿಮಿಷಕ್ಕೆ ಸಂಪಿನೊಳಗೆ ಇಳಿಸಿ ನೀರಿನ ಮಟ್ಟ ಬರೆದುಕೊಳ್ಳಿ. ಗ್ರಾಫ್ ಎಳೆಯಿರಿ. ಬೇರೆ ಬೇರೆ ಹೊತ್ತಿನಲ್ಲಿ ನೀರು ಎಷ್ಟು ವೇಗವಾಗಿ ಬರುತ್ತಿತ್ತು, ಹೇಳಿ.

ಸಂಪಿನ ತಳ 3 ಚದರ ಮೀಟರ್ ಇದ್ದು ಗಂಟೆಗೆ 1,200 ಲೀಟರ್ ನೀರು ಬಂದರೆ ಮಟ್ಟ ಗಂಟೆಗೆ 40 ಸೆಂ.ಮೀ. ಏರುತ್ತದೆ. ನೀರು ಒಂದೇ ಸಮನೆ ಬಂದರೆ ಗ್ರಾಫ್ ನೆಟ್ಟಗಿನ ಗೆರೆ. ನಮ್ಮ ಯಾರ ಮನೆಯ ಗೆರೆಯೂ ನೆಟ್ಟಗಿರಲಿಲ್ಲ. ಮೊದಲು ಕಡಿದಾಗಿ ಏರಿ, ಬೀದಿಯವರೆಲ್ಲ ನೀರು ಹಿಡಿಯಲು ಶುರು ಮಾಡಿದ ಮೇಲೆ ಮಲಗಿಬಿಡುತ್ತಿತ್ತು. ಆ ಬಾಗಿದ ಗೆರೆಗೆ ಒಂದು ಬಿಂದುವಿನಲ್ಲಿ ಸ್ಪರ್ಶಕ ಎಳೆದು ಅದರ ಇಳಿಜಾರು ಅಳೆದಾಗ ಸಿಕ್ಕಿದ್ದೇ ಡೆರಿವೇಟಿವ್. ಬಾಡಿಗೆ ಮನೆಯಲ್ಲಿದ್ದ, ಸಂಪಿಲ್ಲದ ಗೆಳತಿಯೊಬ್ಬಳು ನೀಲಿ ಡ್ರಮ್ಮಿನಲ್ಲಿ ಅಳೆದುಕೊಂಡು ಬಂದಳು. ಮೇಡಂ ಅವಳ ಗ್ರಾಫನ್ನೇ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದರು.

ಇಂಟಿಗ್ರಲ್ಸ್ ಅಧ್ಯಾಯಕ್ಕೆ ಬಂದಾಗ ಅದೇ ಪುಟಗಳನ್ನು ಮತ್ತೆ ತೆಗೆಸಿದರು. ಈಗ ಮಟ್ಟವನ್ನು ಮರೆತು, ನೀರು ಬರುವ ವೇಗದ ಗ್ರಾಫ್ ಎಳೆಯಬೇಕಿತ್ತು. ಆ ಗೆರೆಯ ಕೆಳಗಿನ ಚೌಕಗಳನ್ನು ಎಣಿಸಿದರೆ ಬಂದ ಒಟ್ಟು ನೀರು ಸಿಗಬೇಕು. ಕೋಲು ತೋರಿಸಿದ ಏರಿಕೆಯನ್ನು ತಳದ ವಿಸ್ತೀರ್ಣದಿಂದ ಗುಣಿಸಿ ನೋಡಿದೆವು. ಹತ್ತಿರ ಹತ್ತಿರ ಸರಿಬಂತು. ಡೆರಿವೇಟಿವ್ ಕಂಡುಹಿಡಿಯುವ ಡಿಫರೆನ್ಶಿಯೇಷನ್, ಹೀಗೆ ವೇಗದಿಂದ ಒಟ್ಟು ಮೊತ್ತ ಕಂಡುಹಿಡಿಯುವ ಇಂಟಿಗ್ರೇಷನ್ ಒಂದಕ್ಕೊಂದು ಉಲ್ಟಾ ಎಂದು ಪುಸ್ತಕ ಹೇಳುತ್ತದೆ. ನಾವು ಅದನ್ನು ನಮ್ಮ ಮನೆಯ ಸಂಪಿನಲ್ಲೇ ನೋಡಿದೆವು.

ಇದನ್ನೆಲ್ಲ ಯಾರು ಕಂಡುಹಿಡಿದರು ಎಂದು ಒಬ್ಬ ಕೇಳಿದ. 17ನೇ ಶತಮಾನದ ನ್ಯೂಟನ್ ಮತ್ತು ಲೈಬ್ನಿಟ್ಸ್ ಹೆಸರು ಹೇಳಿ ಮೇಡಂ ಇನ್ನೂ ಹಿಂದಕ್ಕೆ ಹೋದರು. ಭಾಸ್ಕರಾಚಾರ್ಯರು 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಗ್ರಹದ ತಾತ್ಕಾಲಿಕ ಗತಿ, ಅಂದರೆ ಅದು ಆ ಕ್ಷಣಕ್ಕೆ ಎಷ್ಟು ವೇಗವಾಗಿ ಚಲಿಸುತ್ತಿದೆ ಎಂಬುದನ್ನು ಲೆಕ್ಕ ಹಾಕಿದ್ದರು. ಸಂಪಿನ ನೀರಿಗೆ ನಾವು ಕೇಳಿದ್ದೂ ಅದೇ ಪ್ರಶ್ನೆ ಎಂದಾಗ ಇಡೀ ಕ್ಲಾಸಿಗೆ ಖುಷಿಯಾಯಿತು.

ಎಲ್ಲರಿಗೂ ಈ ಪದ್ಧತಿ ಹಿಡಿಸಿರಲಿಲ್ಲ. ಸಿಇಟಿಯಲ್ಲಿ ಗಣಿತಕ್ಕೆ 80 ನಿಮಿಷ, 60 ಪ್ರಶ್ನೆ. ಟ್ಯೂಷನ್‌ಗಳಲ್ಲಿ ಶಾರ್ಟ್‌ಕಟ್ ಹೇಳಿಕೊಡುತ್ತಿದ್ದರು. ಇಲ್ಲಿ ಕೂತು ವಾಕ್ಯ ಬರೆಯುವುದು ಟೈಮ್ ವೇಸ್ಟ್ ಎನ್ನುವವರಿದ್ದರು. ಅವರ ಆತಂಕ ಸುಳ್ಳಲ್ಲ. ಮೇಡಂ ಅದಕ್ಕೂ ಜಾಗ ಮಾಡಿದ್ದರು. ಶನಿವಾರದ ಕ್ಲಾಸಿನಲ್ಲಿ ಗಡಿಯಾರ ಇಟ್ಟು ಸಿಇಟಿ ಪ್ರಶ್ನೆ ಬಿಡಿಸುತ್ತಿದ್ದೆವು. ಪ್ರಿಪರೇಟರಿ ಹತ್ತಿರ ಬಂದಾಗ ಬೋರ್ಡ್ ಪರೀಕ್ಷೆಯಲ್ಲಿ ಯಾವ ಸ್ಟೆಪ್‌ಗೆ ಎಷ್ಟು ಅಂಕ ಎಂದು ಬಿಡಿಸಿ ಹೇಳಿದರು. ಆಗಲೂ ಸೋಮವಾರದ ಪುಸ್ತಕದಲ್ಲಿ ವಾಕ್ಯ ಮಾತ್ರ ಇರಲೇಬೇಕಿತ್ತು.

ಈಚೆಗೆ ಅಕ್ಕನ ಮಗನ ಪುಸ್ತಕ ತಿರುವಿ ಹಾಕಿದೆ. ಪರೀಕ್ಷೆ ಈಗ 80 ಅಂಕಕ್ಕೆ, ಉಳಿದ 20 ಕಾಲೇಜಿನಲ್ಲೇ ಕೊಡುವ ಆಂತರಿಕ ಅಂಕ. ಇದು ಒಳ್ಳೆಯ ಬದಲಾವಣೆ. ಸಂಪಿನಂಥ ಅಸೈನ್‌ಮೆಂಟಿಗೆ ಈಗ ಅಂಕವನ್ನೂ ಕೊಡಬಹುದು, ದಯವಿಟ್ಟು ಕೊಡಿ. ಆದರೆ ಮೀನ್ ವ್ಯಾಲ್ಯೂ ಪ್ರಮೇಯ, ಅದರದೇ ಒಂದು ವಿಶೇಷ ರೂಪವಾದ ರೋಲ್ ಪ್ರಮೇಯ ಎರಡನ್ನೂ ಪುಸ್ತಕದಿಂದ ತೆಗೆದಿದ್ದಾರೆ. ಎರಡು ವಕ್ರರೇಖೆಗಳ ನಡುವಿನ ವಿಸ್ತೀರ್ಣವೂ ಇಲ್ಲ. ನನಗೆ ತುಂಬಾ ಬೇಜಾರಾಯಿತು. ಮೀನ್ ವ್ಯಾಲ್ಯೂ ಪ್ರಮೇಯಕ್ಕೆ ಮೇಡಂ ಕೊಟ್ಟ ಉದಾಹರಣೆ ಮೈಸೂರಿನ ಬಸ್ಸಿನದು. ಬಸ್ಸು 2 ಗಂಟೆಯಲ್ಲಿ 100 ಕಿ.ಮೀ. ಹೋಗಿದ್ದರೆ, ನಡುವೆ ಎಷ್ಟೇ ನಿಂತು ಹೊರಟಿರಲಿ, ದಾರಿಯಲ್ಲಿ ಒಂದು ಕ್ಷಣವಾದರೂ ಅದರ ವೇಗ ಸರಿಯಾಗಿ 50 ಇರಲೇಬೇಕು. ಆ ಕ್ಷಣ ಯಾವುದು ಎಂದು ಪ್ರಮೇಯ ಹೇಳುವುದಿಲ್ಲ, ಇದೆ ಎಂದಷ್ಟೇ ಹೇಳುತ್ತದೆ.

ಈಗ ಓದುತ್ತಿರುವವರು ಲೈಬ್ರರಿಯಲ್ಲಿ ಹಳೆಯ ಪುಸ್ತಕ ಸಿಕ್ಕರೆ 5ನೇ ಅಧ್ಯಾಯದ ಕೊನೆಯ ಭಾಗ ಓದಿ. ಪರೀಕ್ಷೆಗೆ ಬರುವುದಿಲ್ಲ. ಒಂದೆರಡು ಲೆಕ್ಕ ಮಾಡಿ, ಕೆಳಗೆ ವಾಕ್ಯ ಬರೆದು ನಿಮ್ಮ ಲೆಕ್ಚರರ್‌ಗೆ ತೋರಿಸಿ.