ಶಬ್ದವಿಲ್ಲದ 30 ಸೆಕೆಂಡು

ಆ ಮೀಟಿಂಗ್ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಾನು ಅಮೆರಿಕದ ಒಂದು ನಗರದಲ್ಲಿ ಮಾನಿಟರ್ ಟೀಮಿನ ಡೇಟಾ ನೋಡಿಕೊಳ್ಳುತ್ತೇನೆ. ಇಲ್ಲಿನ ಪೊಲೀಸ್ ಇಲಾಖೆ ಕನ್ಸೆಂಟ್ ಡಿಕ್ರಿಯಲ್ಲಿದೆ, ಅಂದರೆ ಸುಧಾರಣೆ ಮಾಡುತ್ತೇವೆ ಎಂದು ಕೋರ್ಟಿನ ಮೂಲಕ ಒಪ್ಪಂದ ಮಾಡಿಕೊಂಡಿದೆ. ಅದು ಪಾಲನೆಯಾಗುತ್ತಿದೆಯೇ ಎಂದು ನೋಡುವುದು ನಮ್ಮ ಟೀಮು. ಈ ಕೆಲಸದ ಬೇರು ಇರುವುದೇ ಒಂದು ವಿಡಿಯೋದಲ್ಲಿ. 1991ರಲ್ಲಿ ಲಾಸ್ ಏಂಜಲೀಸ್ ಪೊಲೀಸರು ರಾಡ್ನಿ ಕಿಂಗ್ ಅವರನ್ನು ಹೊಡೆದದ್ದನ್ನು ದೇಶವೆಲ್ಲ ನೋಡಿತು. 1994ರ ಕಾನೂನು ಕೇಂದ್ರದ ನ್ಯಾಯಾಂಗ ಇಲಾಖೆಗೆ ಸ್ಥಳೀಯ ಪೊಲೀಸ್ ಇಲಾಖೆಗಳ ಮೇಲೆ ದಾವೆ ಹೂಡುವ ಅಧಿಕಾರ ಕೊಟ್ಟಿತು. 1997ರಲ್ಲಿ ಪಿಟ್ಸ್‌ಬರ್ಗ್ ಮೊದಲು ಒಪ್ಪಂದಕ್ಕೆ ಬಂತು. ನನ್ನನ್ನು ದಾರಿ ತಪ್ಪಿಸಿದ್ದೂ ವಿಡಿಯೋನೇ.

ಆ ಸಲ ನನ್ನ ಪಾಲಿಗೆ ಟೇಸರ್, ಅಂದರೆ ವಿದ್ಯುತ್ ಶಾಕ್ ಕೊಡುವ ಗನ್, ಬಳಸಿದ ಕೇಸುಗಳು ಬಂದಿದ್ದವು. ಸಾಧ್ಯವಿದ್ದಾಗ ಮೊದಲು ಬಾಯಿಮಾತಿನ ಎಚ್ಚರಿಕೆ ಕೊಡಬೇಕು ಅನ್ನುತ್ತದೆ ಒಪ್ಪಂದದ ಪ್ಯಾರಾ. ಪೊಲೀಸರ ಎದೆಯ ಕ್ಯಾಮೆರಾದ ನಾಲ್ಕು ವಿಡಿಯೋಗಳಲ್ಲಿ ಟೇಸರ್‌ಗೆ ಮುಂಚೆ ಒಂದು ಮಾತೂ ಕೇಳಿಸಲಿಲ್ಲ. ರಾತ್ರಿ, ಖಾಲಿ ರಸ್ತೆ ಅಂದುಕೊಂಡೆ. ಓಡುವವನ ಬೂಟಿನ ಸಪ್ಪಳವೂ ಇಲ್ಲ ಅನ್ನುವುದು ಹೊಳೆಯಲೇ ಇಲ್ಲ. ಜೊತೆಗಿದ್ದ ಪೊಲೀಸರ ವಿಡಿಯೋ ಹುಡುಕಬಹುದಿತ್ತು. ಆದರೆ ವಿಡಿಯೋ ಇರುವ ಪೋರ್ಟಲ್‌ನಲ್ಲಿ ಕೇಸ್ ನಂಬರಿಗೂ ಡಿಸ್ಪ್ಯಾಚ್ ನಂಬರಿಗೂ ತಾಳೆಯಾಗುವುದಿಲ್ಲ, ನಡುನಡುವೆ ಲಾಗೌಟ್ ಬೇರೆ. ಡೆಡ್‌ಲೈನ್ ಹತ್ತಿರ ಬಂದಿತ್ತು. ನಾಲ್ಕಕ್ಕೂ ‘ಎಚ್ಚರಿಕೆ ಇಲ್ಲ’ ಎಂದು ಬರೆದು ಡ್ರಾಫ್ಟ್ ಕಳಿಸಿದೆ.

ಮೀಟಿಂಗಿನಲ್ಲಿ ಪೊಲೀಸ್ ಇಲಾಖೆಯ ಕಂಪ್ಲಯನ್ಸ್ ಯೂನಿಟ್‌ನ (ಒಪ್ಪಂದದ ಪಾಲನೆ ನೋಡಿಕೊಳ್ಳುವ ವಿಭಾಗದ) ಸಾರ್ಜೆಂಟ್ ಎದೆಯ ಮೇಲಿನ ಕ್ಯಾಮೆರಾ ಬಿಚ್ಚಿ ಮೇಜಿನ ಮೇಲಿಟ್ಟರು. “ಇದನ್ನು ಯಾವತ್ತಾದರೂ ಹಾಕಿಕೊಂಡು ನೋಡಿದ್ದೀರಾ?” ಬಟನ್ ಒತ್ತುವ ಮುಂಚಿನ 30 ಸೆಕೆಂಡಿನ ಚಿತ್ರ ಮಾತ್ರ ಉಳಿಯುತ್ತದೆ, ಶಬ್ದ ಉಳಿಯುವುದಿಲ್ಲ. ಅವರು ಒತ್ತಿದರು. ಬೀಪ್ ಅಂತು. ನಾಲ್ಕೂ ವಿಡಿಯೋದಲ್ಲಿ ಮಾತು ಶುರುವಾಗುತ್ತಿದ್ದದ್ದು ಅದೇ ಬೀಪ್ ಆದಮೇಲೆ. ನನ್ನ ಕಿವಿ ಬಿಸಿಯಾಯಿತು. ನಗರದ ವಕೀಲರು ಏನೋ ಬರೆದುಕೊಳ್ಳತೊಡಗಿದರು. ನ್ಯಾಯಾಂಗ ಇಲಾಖೆಯ ವಕೀಲರು ನನ್ನ ಕಡೆ ನೋಡಲೇ ಇಲ್ಲ. ಕ್ಯಾಮೆರಾ ತಡವಾಗಿ ಆನ್ ಮಾಡಿದ್ದು ಪೊಲೀಸರ ತಪ್ಪೇ. ಆದರೆ ನಾನು ಬರೆದದ್ದು ಅದನ್ನಲ್ಲ. “ನಾಲ್ಕನ್ನೂ ತೆಗೆಯೋಣ,” ಅಂದರು ನಮ್ಮ ಲೀಡ್.

ಆ ಶನಿವಾರ ಕೂತು ಉಳಿದ ಕ್ಯಾಮೆರಾಗಳ ವಿಡಿಯೋ ಎಲ್ಲ ನೋಡಿದೆ. ಮೂರು ಕೇಸಲ್ಲಿ ಎಚ್ಚರಿಕೆ ಸ್ಪಷ್ಟವಾಗಿ ಕೇಳಿಸಿತು. ನಾಲ್ಕನೆಯದರಲ್ಲಿ ಹಿಂದೆ ಓಡುತ್ತಿದ್ದವರ ಕ್ಯಾಮೆರಾ ಮೊದಲೇ ಆನ್ ಆಗಿತ್ತು. ಬೂಟಿನ ಸಪ್ಪಳ, ವಾಕಿಟಾಕಿ, ಎಲ್ಲೋ ನಾಯಿ ಬೊಗಳುವುದು, ಎಲ್ಲ ಕೇಳಿಸುತ್ತದೆ. ಎಚ್ಚರಿಕೆಯ ಒಂದು ಮಾತೂ ಇಲ್ಲ. ಆಮೇಲೆ ಟೇಸರ್. ಹುಡುಗ ಮುಗ್ಗರಿಸಿ ಬಿದ್ದ. ಅವನ ಒಂದು ಚಪ್ಪಲಿ ರಸ್ತೆಯ ಮಧ್ಯದಲ್ಲೇ ಉಳಿಯಿತು.

ಲೀಡ್‌ಗೆ ತೋರಿಸಿದೆ. “ಈಗ ಬೇಡ, ಯಾರೂ ನಂಬಲ್ಲ,” ಅಂದರು. ನನಗೆ ಕೋಪ ಬಂತು, ಆದರೆ ಅವರಿಗೆ ಆ ಪರಿಸ್ಥಿತಿ ತಂದಿಟ್ಟವನು ನಾನೇ ಅಲ್ವಾ? 2025ರ ಮೇನಲ್ಲಿ ನ್ಯಾಯಾಂಗ ಇಲಾಖೆ ಲೂಯಿವಿಲ್ ಮತ್ತು ಮಿನಿಯಾಪೊಲಿಸ್ ಒಪ್ಪಂದಗಳಿಂದಲೇ ಹಿಂದೆ ಸರಿಯಿತು. ಇಂಥ ಕಾಲದಲ್ಲಿ ನಮ್ಮ ಒಂದೊಂದು ತಪ್ಪೂ ಮೇಲ್ವಿಚಾರಣೆ ಬೇಡ ಅನ್ನುವವರ ಕೈಗೆ ಸಿಗುತ್ತದೆ. ಅದಕ್ಕೆ ಬೆಲೆ ತೆರುವವನು ಆ ಹುಡುಗ.

ನನ್ನ ಶೀಟಿನಲ್ಲಿ ಈಗ ಮೊದಲ ಕಾಲಮ್ಮೇ ‘ಶಬ್ದ ಯಾವ ಕ್ಯಾಮೆರಾದ್ದು’. ಅದು ತುಂಬದೆ ಮುಂದೆ ಹೋಗುವುದಿಲ್ಲ. ಹುಡುಗನ ಕೇಸನ್ನು ಈ ಸಲದ ಪಟ್ಟಿಗೆ ಮತ್ತೆ ಸೇರಿಸಿದ್ದೇನೆ, ಎರಡನೇ ಕ್ಯಾಮೆರಾದ ನಿಮಿಷ, ಸೆಕೆಂಡು ಸಮೇತ.